ಅಂಬಿಗನೂ ಗಾಳಿಯೂ

ಅಂಬಿಗನು ಹುಟ್ಟು ಹಾಕುವುದರಲ್ಲಿ ಎಷ್ಟೇ ನಿಪುಣನಾಗಿದ್ದರೂ ಹೊಳೆಯ ಸೆಳೆತವನ್ನೂ ಗಾಳಿಯ ದಿಕ್ಕನ್ನೂ ಅರಿಯದೆ ದಡ ಸೇರಲಾರನು. ವ್ಯಾಪಾರವೂ ಹಾಗೆಯೇ. ಸರಕು ಉತ್ತಮವಾಗಿದ್ದರಷ್ಟೇ ಸಾಲದು. ಉದ್ಯಮಿಯು ಹೊರಗಿನ ಶಕ್ತಿಗಳನ್ನೂ ಗಮನಿಸಬೇಕು. ಹೆಡ್‌ಫೋನಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

1958ರಲ್ಲಿ ಅಮೆರಿಕದ ಜಾನ್ ಕಾಸ್ ಅವರ ಸಂಸ್ಥೆಯು ಮನೆಯಲ್ಲಿ ಕುಳಿತು ಸಂಗೀತ ಕೇಳುವವರಿಗಾಗಿ ಸ್ಟೀರಿಯೊ ಹೆಡ್‌ಫೋನನ್ನು ಪೇಟೆಗೆ ತಂದಿತು. 1979ರಲ್ಲಿ ಜಪಾನಿನ ಸೋನಿ ಸಂಸ್ಥೆಯು ವಾಕ್‌ಮನ್ ಎಂಬ ಪುಟ್ಟ ಕ್ಯಾಸೆಟ್ ಯಂತ್ರವನ್ನು ಹಗುರವಾದ ಹೆಡ್‌ಫೋನಿನೊಡನೆ ಮಾರತೊಡಗಿತು. ಸಂಗೀತವು ಮನೆಯಿಂದ ಬೀದಿಗೆ ಇಳಿಯಿತು. ಜನರ ಅಭಿರುಚಿ ಬದಲಾಯಿತು. ಕಾಸ್ ಸಂಸ್ಥೆಯೂ 1984ರಲ್ಲಿ ಪೋರ್ಟಾ ಪ್ರೊ ಎಂಬ ಹಗುರವಾದ ಹೆಡ್‌ಫೋನನ್ನು ಹೊರತಂದಿತು.

2016ರಲ್ಲಿ ಆಪಲ್ ಸಂಸ್ಥೆಯು ತನ್ನ ಐಫೋನ್ 7ರಲ್ಲಿ ಹೆಡ್‌ಫೋನಿನ ತಂತಿ ಸಿಕ್ಕಿಸುವ ಹಳೆಯ ಕಿಂಡಿಯನ್ನೇ ಕೈಬಿಟ್ಟಿತು. ತಂತಿಯ ಹೆಡ್‌ಫೋನ್ ತಯಾರಿಸುವವರ ಸರಕು ಕೆಟ್ಟಿರಲಿಲ್ಲ. ಅದು ಸೇರುವ ಬಾಗಿಲು ಮುಚ್ಚಿತ್ತು. ಕಾನೂನಿನ ಬಲವೂ ಕಡಿಮೆಯದಲ್ಲ. 2024ರ ಡಿಸೆಂಬರ್ 28ರಿಂದ ಐರೋಪ್ಯ ಒಕ್ಕೂಟದಲ್ಲಿ, ತಂತಿಯಿಂದ ಚಾರ್ಜ್ ಮಾಡುವ ಹೊಸ ಹೆಡ್‌ಫೋನುಗಳಿಗೆ ಯುಎಸ್‌ಬಿ-ಸಿ ಕಿಂಡಿ ಕಡ್ಡಾಯವಾಯಿತು.

ಇಂತಹ ಬದಲಾವಣೆಯನ್ನು ಕಾಣದ ಉದ್ಯಮವು ಮುಳುಗಿದರೆ ನಷ್ಟವು ಒಡೆಯನೊಬ್ಬನದೇ ಅಲ್ಲ. ಅಲ್ಲಿ ದುಡಿಯುವವರ ಅನ್ನವೂ ಹೋಗುತ್ತದೆ. ಗಾಳಿಯನ್ನು ತಡೆಯುವುದು ಅಂಬಿಗನ ಕೈಯಲ್ಲಿಲ್ಲ. ಅದನ್ನರಿತು ಹುಟ್ಟು ಹಾಕುವುದು ಅವನ ಕೈಯಲ್ಲಿದೆ.