ಕೋವಿಯ ನಳಿಕೆ: ತೂಕ ಮತ್ತು ಗುರಿ



ನಮ್ಮ ಎಷ್ಟೋ ತೋಟದ ಮನೆಗಳಲ್ಲಿ ಹಿರಿಯರ ಕಾಲದ ರೈಫಲ್‌ಗಳಿವೆ. ಅದನ್ನು ಮಾರಿ ದಪ್ಪ ನಳಿಕೆಯದನ್ನು ಕೊಂಡರೆ ಗುರಿ ತಪ್ಪದೆಂಬ ನಂಬಿಕೆ ಹಲವರಲ್ಲಿದೆ. ಹಣ ಕೈಬಿಡುವ ಮೊದಲು ಇದರ ನಿಜಾಂಶವನ್ನು ನೋಡೋಣ.

ಮಧ್ಯಮ ಬೋರ್ ಎಂದರೆ ಸ್ಥೂಲವಾಗಿ 8ರಿಂದ 10 ಮಿ.ಮೀ. ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಯ .315 ಮತ್ತು 1912ರಲ್ಲಿ ಇಂಗ್ಲೆಂಡಿನ ಹಾಲೆಂಡ್ ಅಂಡ್ ಹಾಲೆಂಡ್ ಹೊರತಂದ .375 ಈ ವರ್ಗದವು.

ಗುಂಡು ಹಾರುವಾಗ ನಳಿಕೆಯು ಅಡಿಕೆ ಕೊಯ್ಯುವ ದೋಟಿಯಂತೆ ಅದುರುತ್ತದೆ. ದೋಟಿ ದಪ್ಪವಾಗಿ ಗಿಡ್ಡವಾಗಿದ್ದಷ್ಟೂ ಬಳುಕು ಕಡಿಮೆ. ನಳಿಕೆಯ ಹೊರವ್ಯಾಸ ಶೇ. 20ರಷ್ಟು ಹೆಚ್ಚಿದರೆ ಅದರ ಬಿಗಿ ಸುಮಾರು ಇಮ್ಮಡಿಯಾಗುತ್ತದೆ. ಎರಡನೆಯದು ಕಾವು. ತೆಳು ನಳಿಕೆ ಬೇಗ ಕಾಯುತ್ತದೆ. ಉಕ್ಕಿನಲ್ಲಿ ಒಳಸೆಳೆತ ಉಳಿದಿದ್ದರೆ ಅಥವಾ ಮರದ ಹಿಡಿ ಒತ್ತುತ್ತಿದ್ದರೆ, ನಾಲ್ಕೈದು ಗುಂಡುಗಳ ನಂತರ ಬೀಳುವ ಜಾಗ ಸರಿಯುತ್ತದೆ. ದಪ್ಪ ನಳಿಕೆ ನಿಧಾನವಾಗಿ ಕಾಯುವುದರಿಂದ ಸಾಲುಸಾಲಾಗಿ ಹೊಡೆಯುವ ಸ್ಪರ್ಧಾಳುವಿಗೆ ಅದು ಲಾಭ.

ತೋಟದಲ್ಲಾದರೋ ಮುಖ್ಯವಾದುದು ತಣ್ಣಗಿನ ನಳಿಕೆಯ ಮೊದಲನೆಯ ಗುಂಡು. 100 ಮೀಟರಿನಲ್ಲಿ ಒಂದು ರೈಫಲ್ 3 ಸೆಂ.ಮೀ. ಒಳಗೆ, ಇನ್ನೊಂದು 6 ಸೆಂ.ಮೀ. ಒಳಗೆ ಗುಂಡುಗಳನ್ನು ಕೂಡಿಸುತ್ತವೆ ಎನ್ನೋಣ. 50 ಮೀಟರಿನಲ್ಲಿ ಇವುಗಳ ಅಂತರ ಒಂದೂವರೆ ಸೆಂ.ಮೀ. ಮಾತ್ರ. ನಿಂತು ಹೊಡೆಯುವವನ ಕೈನಡುಕವೇ ಅದಕ್ಕಿಂತ ಹೆಚ್ಚು! ಭಾರದ ಕೋವಿ ಕೈಯಲ್ಲಿ ಸ್ಥಿರವಾಗಿ ನಿಲ್ಲುವುದು ನಿಜ. ಆದರೆ ಗುಡ್ಡ ಹತ್ತಿ ಏದುಸಿರು ಬಂದವನಿಗೆ ಆ ಲಾಭವೂ ಉಳಿಯದು.

ಆದ್ದರಿಂದ ಮೊದಲು ಪರೀಕ್ಷಿಸಿ. ರೈಫಲ್ ಕ್ಲಬ್ಬಿನ ಗುರಿಮೈದಾನದಲ್ಲಿ ಕೋವಿಗೆ ಆಸರೆ ಕೊಟ್ಟು, ಪ್ರತಿ ಗುಂಡಿನ ನಂತರ ನಳಿಕೆ ಪೂರ್ತಿ ತಣಿಯಲು ಬಿಟ್ಟು ಮೂರು ಗುಂಡು ಹೊಡೆಯಿರಿ. ಮೂರೂ ಒಟ್ಟಿಗೆ ಬಿದ್ದರೆ ತೆಳು ನಳಿಕೆಯೇ ಸಾಕು. ಚದುರಿದರೆ ಹಿಡಿಯ ತಿರುಪು ಸಡಿಲವೇ, ನಳಿಕೆಯ ಬಾಯಂಚು ಸವೆದಿದೆಯೇ, ತೋಟಾ ಹಳತೇ ಎಂದು ಬಲ್ಲವರಿಂದ ನೋಡಿಸಿ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆ ನಿಷಿದ್ಧ. ಬೆಳೆ ಹಾಳುಮಾಡುವ ಹಂದಿಯಾದರೂ ಅಧಿಕಾರಿಗಳ ಲಿಖಿತ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಹಂದಿಯೆಂದು ತಿಳಿದು ಮನುಷ್ಯನಿಗೇ ಗುಂಡಿಟ್ಟ ದುರಂತಗಳನ್ನು ನಾವೆಲ್ಲ ಕೇಳಿದ್ದೇವೆ. ರೈಫಲ್ ಗುಂಡು ಗಿಡದ ಸಾಲಿಗೆ ನಿಲ್ಲದೆ ಪಕ್ಕದ ತೋಟವನ್ನೂ ದಾಟಬಲ್ಲದು. ಎದುರಿಗಿರುವುದು ಏನು, ಅದರ ಹಿಂದೆ ಯಾರಿದ್ದಾರೆ ಎಂಬುದನ್ನು ಯಾವ ನಳಿಕೆಯೂ ಹೇಳದು. ಅದನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳುವ ತನಕ ಬೆರಳು ಕುದುರೆಯ ಮೇಲೆ ಹೋಗದಿರಲಿ.