ಕೋಚಿಂಗ್‌ಗಿಂತ ಮೊದಲು ಒಂದು ಹಳೇ ಪ್ರಶ್ನೆಪತ್ರಿಕೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಎಷ್ಟೋ ಮನೆಗಳಲ್ಲಿ ನಡೆಯುವ ಮಾತು ಒಂದೇ. ಮಗಳಿಗೆ ವಿಜ್ಞಾನದಲ್ಲಿ ಒಳ್ಳೆ ಅಂಕ ಬಂದಿವೆ, ಡಾಕ್ಟರ್ ಆಗಬೇಕು ಅಂತಾಳೆ, ಎಲ್ಲಿಗೆ ಹಾಕೋಣ? ದಾವಣಗೆರೆಯೋ ಬಳ್ಳಾರಿಯೋ, ಇಲ್ಲ ಧಾರವಾಡ, ಮಂಗಳೂರಿನ ಕಡೆಯೋ ಎಂಬ ಚರ್ಚೆ ಎರಡು ದಿನ ನಡೆದು, ಮೂರನೇ ದಿನ ಅಪ್ಪ ಬಡ್ಡಿಗೆ ದುಡ್ಡು ಕೇಳಲು ಹೊರಡುತ್ತಾನೆ. ಪಿಯುಸಿ, ನೀಟ್ ಕೋಚಿಂಗ್, ಹಾಸ್ಟೆಲ್ ಎಲ್ಲ ಸೇರಿದ ಎರಡು ವರ್ಷದ ಪ್ಯಾಕೇಜಿಗೆ ಮುಂಗಡ ಕಟ್ಟುವಾಗ, ಆ ಹುಡುಗಿ ನೀಟ್‌ನ ಒಂದು ಪ್ರಶ್ನೆಯನ್ನೂ ಕಂಡಿರುವುದಿಲ್ಲ. ಅವಳಿಗೆ ಯಾವುದು ಕಷ್ಟ, ಯಾವುದು ಸುಲಭ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕೊರತೆ ಯಾವುದೆಂದು ತಿಳಿಯುವ ಮೊದಲೇ ಅದಕ್ಕೆ ದೊಡ್ಡ ಮೊತ್ತ ಕಟ್ಟುವ ಈ ಕ್ರಮವನ್ನು ತಿರುಗಿಸಬೇಕು ಎಂಬುದು ನನ್ನ ವಾದ. ಮೊದಲು ಹಳೇ ಪ್ರಶ್ನೆಪತ್ರಿಕೆ, ಆಮೇಲೆ ದುಡ್ಡು. ಅದೂ ಒಂದೇ ಸಲಕ್ಕಲ್ಲ, ಬೇಕಾದ್ದಕ್ಕೆ ಬೇಕಾದಷ್ಟು.

ಮೊದಲು ಸಾಲದ ಲೆಕ್ಕ ನೋಡೋಣ. ಎರಡು ಲಕ್ಷ ರೂಪಾಯಿ ಕೈಸಾಲ ತಂದಿದ್ದೀರಿ ಎಂದಿಟ್ಟುಕೊಳ್ಳಿ. ನಮ್ಮ ಕಡೆ ನಡೆಯುವ ನೂರಕ್ಕೆ ಎರಡು ರೂಪಾಯಿ ದರದಲ್ಲಿ ತಿಂಗಳಿಗೆ 4,000, ವರ್ಷಕ್ಕೆ 48,000, ಕೋರ್ಸ್ ಮುಗಿಯುವ ಹೊತ್ತಿಗೆ ಬಡ್ಡಿಯೇ 96,000 ಆಗುತ್ತದೆ. 2025–26ಕ್ಕೆ ಕೇಂದ್ರ ಘೋಷಿಸಿದ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ಬೆಲೆ ಪೂರ್ತಿ ಸಿಕ್ಕರೂ ಬರೀ ಬಡ್ಡಿಗೆ 40 ಕ್ವಿಂಟಲ್ ಮೆಕ್ಕೆಜೋಳ ಹೋಯಿತು. ಮಾರುಕಟ್ಟೆಯಲ್ಲಿ ಅಷ್ಟೂ ಸಿಗದ ವರ್ಷ ಇನ್ನೂ ಹೆಚ್ಚು. ಮಳೆ ನಂಬಿದ ಹೊಲದಲ್ಲಿ ಅದು ಎಷ್ಟು ಎಕರೆಯ ಬೆಳೆ ಎಂಬುದನ್ನು ಹರಪನಹಳ್ಳಿಯ ರೈತನಿಗೆ ನಾನು ಹೇಳಬೇಕಿಲ್ಲ. ಅಸಲು ಹಾಗೇ ನಿಂತಿರುತ್ತದೆ. ಆ ಅಸಲಿನ ಭಾರ ನಿಜವಾಗಿ ಗೊತ್ತಾಗುವುದು ಸೀಟು ಸಿಕ್ಕಾಗ. ಸರ್ಕಾರಿ ಕಾಲೇಜಿನ ವರ್ಷದ ಶುಲ್ಕ ಒಂದು ಲಕ್ಷದೊಳಗಿದೆ. ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು ಆಗುತ್ತದೆ. ಅದೇ ಕಾಲೇಜಿನ ಖಾಸಗಿ ಕೋಟಾಕ್ಕೆ ಹೋದರೆ ಹತ್ತು ಲಕ್ಷ ದಾಟುತ್ತದೆ. ಸೀಟು ಹಂಚಿಕೆಯಾದ ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟಬೇಕು. ಕೋಚಿಂಗ್‌ನ ಸಾಲ ಇನ್ನೂ ತೀರದ ಮನೆಗೆ ಆಗ ಎರಡನೇ ಸಾಲ ಯಾರು ಕೊಡುತ್ತಾರೆ? ಓದಿಸುವ ದುಡ್ಡು ಮತ್ತು ಸೀಟಿನ ದುಡ್ಡು ಒಂದೇ ಗಂಟಿನಿಂದ ಬರಬೇಕಾದ್ದು ಎಂಬುದನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ಸಂಭ್ರಮದಲ್ಲಿ ಮರೆಯುವುದು ಸುಲಭ.

ಇನ್ನು ಪರೀಕ್ಷೆಯ ಸ್ವರೂಪ. 180 ಪ್ರಶ್ನೆ, 180 ನಿಮಿಷ, 720 ಅಂಕ. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಡಿತ. ಭೌತಶಾಸ್ತ್ರ 45 ಪ್ರಶ್ನೆ, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಅಂದರೆ ಅರ್ಧ ಅಂಕ ಜೀವಶಾಸ್ತ್ರದ್ದೇ. ಪರೀಕ್ಷೆಗೆ ಆಧಾರ ಎನ್‌ಸಿಇಆರ್‌ಟಿ ಪುಸ್ತಕಗಳು, ಮತ್ತು ನಮ್ಮ ಪಿಯು ವಿಜ್ಞಾನದ ಪಠ್ಯವೂ ಅವೇ. ಎರಡು ವರ್ಷಕ್ಕೆ ಭೌತಶಾಸ್ತ್ರದ ನಾಲ್ಕು ಭಾಗ, ರಸಾಯನಶಾಸ್ತ್ರದ ನಾಲ್ಕು, ಜೀವಶಾಸ್ತ್ರದ ಎರಡು, ಒಟ್ಟು ಹತ್ತು ಪುಸ್ತಕ. ಎಲ್ಲ ಕೊಂಡರೂ ಎರಡು ಸಾವಿರದೊಳಗೆ ಮುಗಿಯುತ್ತದೆ. ಎನ್‌ಸಿಇಆರ್‌ಟಿ ಜಾಲತಾಣದಿಂದ ಇಳಿಸಿಕೊಂಡರೆ ಪುಕ್ಕಟೆ. ಕೋಚಿಂಗ್ ಸಂಸ್ಥೆಗಳು ಕೊಡುವ ದಪ್ಪ ಮಾಡ್ಯೂಲ್‌ಗಳಲ್ಲಿ ಇರುವುದೂ ಬಹುಪಾಲು ಇದೇ ಪಾಠ, ಜೊತೆಗೆ ಅಭ್ಯಾಸದ ಪ್ರಶ್ನೆಗಳು. ಆದ್ದರಿಂದ ಶುಲ್ಕ ಕೊಟ್ಟು ನಾವು ಕೊಳ್ಳುವುದು ವೇಳಾಪಟ್ಟಿ, ವಾರವಾರದ ಟೆಸ್ಟು, ಅನುಮಾನ ಕೇಳಲು ಒಬ್ಬ ಮೇಷ್ಟ್ರು. ಈ ಮೂರಕ್ಕೂ ಬೆಲೆಯಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂರನ್ನೂ ಒಟ್ಟಿಗೆ, ಒಂದೇ ಅಂಗಡಿಯಲ್ಲಿ, ಎರಡು ವರ್ಷಕ್ಕೆ ಮೊದಲೇ ಕೊಳ್ಳಬೇಕಾದ ಅಗತ್ಯವಿಲ್ಲ.

ಯಾವುದು ಬೇಕು ಎಂದು ತಿಳಿಯುವುದಕ್ಕೆ ಹಳೇ ಪ್ರಶ್ನೆಪತ್ರಿಕೆಗಿಂತ ಒಳ್ಳೆಯ ಸಾಧನವಿಲ್ಲ. ಪ್ರಥಮ ಪಿಯುಸಿಯಲ್ಲಿ ಪೂರ್ತಿ ಪತ್ರಿಕೆ ಬರೆಯುವುದು ಆಗದ ಮಾತು, ನಿಜ. ಆದರೆ ಮೂರು ನಾಲ್ಕು ಪಾಠ ಮುಗಿದ ಮೇಲೆ ಆ ಪಾಠಗಳಿಂದ ಹಿಂದಿನ ವರ್ಷಗಳಲ್ಲಿ ಬಂದ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡು, ಪ್ರಶ್ನೆಗೆ ಒಂದು ನಿಮಿಷದಂತೆ ಗಡಿಯಾರ ಇಟ್ಟು ಬರೆಯಬಹುದು. ಮುಖ್ಯವಾದ ಕೆಲಸ ಆಮೇಲೆ ಇದೆ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಕಾರಣ ಬರೆಯಬೇಕು. ಪಾಠವನ್ನೇ ಓದಿರಲಿಲ್ಲವೇ? ಓದಿದ್ದರೂ ಲೆಕ್ಕ ಹತ್ತಲಿಲ್ಲವೇ? ಪ್ರಶ್ನೆಯ ಇಂಗ್ಲಿಷ್ ಅರ್ಥವಾಗಲಿಲ್ಲವೇ? ಸಮಯ ಸಾಲಲಿಲ್ಲವೇ? ಉದಾಹರಣೆಗೆ, ಜೀವಶಾಸ್ತ್ರದಲ್ಲಿ ಹೋದ ಅಂಕಗಳಲ್ಲಿ ಬಹುಪಾಲು ಪುಸ್ತಕದ ಒಂದು ಚಿತ್ರದ ಕೆಳಗಿನ ಸಾಲನ್ನೋ ಕೋಷ್ಟಕವನ್ನೋ ಬಿಟ್ಟಿದ್ದರಿಂದ ಹೋಗಿದ್ದರೆ, ಅದಕ್ಕೆ ಒಂದು ರೂಪಾಯಿಯ ಖರ್ಚೂ ಬೇಡ, ಅದೇ ಪುಸ್ತಕವನ್ನು ಇನ್ನೆರಡು ಸಲ ಓದಿದರೆ ಸಾಕು. ಭೌತಶಾಸ್ತ್ರದ ಲೆಕ್ಕ ಹತ್ತದಿದ್ದರೆ ಬೇಕಾದ್ದು ಭೌತಶಾಸ್ತ್ರದ ಟ್ಯೂಷನ್, ಮೂರೂ ವಿಷಯದ ಪ್ಯಾಕೇಜಲ್ಲ. ಸಮಯದ್ದೇ ತೊಂದರೆಯಾದರೆ ದ್ವಿತೀಯ ಪಿಯುಸಿಯ ಕೊನೆಯ ತಿಂಗಳುಗಳಿಗೆ ಒಂದು ಟೆಸ್ಟ್ ಸೀರೀಸ್ ಸಾಕು. ಅದರ ಬೆಲೆ ಸಾವಿರಗಳಲ್ಲಿರುತ್ತದೆ, ಲಕ್ಷಗಳಲ್ಲಲ್ಲ. ಹೀಗೆ ಕಾರಣ ಬರೆದ ಒಂದು ನೋಟ್‌ಬುಕ್ ಕೈಯಲ್ಲಿದ್ದರೆ ಕೋಚಿಂಗ್ ಸಂಸ್ಥೆಯ ಯಾವ ಕೌನ್ಸೆಲರ್ ಎದುರೂ ಅಪ್ಪ ಅಮ್ಮ ಧೈರ್ಯವಾಗಿ ಕೂರಬಹುದು.

ನೂರಾರು ಮಕ್ಕಳು ಕೋಚಿಂಗ್ ಪಡೆದೇ ಸೀಟು ಪಡೆದಿದ್ದಾರಲ್ಲ, ಫ್ಲೆಕ್ಸ್‌ನಲ್ಲಿ ಫೋಟೊ ಸಮೇತ ಇದೆಯಲ್ಲ ಎಂದು ಕೇಳುವವರಿದ್ದಾರೆ. ಫ್ಲೆಕ್ಸ್‌ನಲ್ಲಿ ಇರುವುದು ಗೆದ್ದವರು ಮಾತ್ರ. ಅದೇ ತರಗತಿಯಲ್ಲಿ ಅದೇ ಶುಲ್ಕ ಕಟ್ಟಿ ಕೂತವರು ಎಷ್ಟು ಎಂಬ ಸಂಖ್ಯೆ ಅಲ್ಲಿರುವುದಿಲ್ಲ, ಆ ಸಂಖ್ಯೆಯಿಲ್ಲದೆ ಗೆದ್ದವರ ಸಂಖ್ಯೆಗೆ ಅರ್ಥವಿಲ್ಲ. ದೇಶದಲ್ಲಿ 2025ರಲ್ಲಿ ನೀಟ್ ಬರೆದವರು ಸುಮಾರು 22 ಲಕ್ಷ. ಎಂಬಿಬಿಎಸ್ ಸೀಟುಗಳು ಸರ್ಕಾರಿ, ಖಾಸಗಿ ಎಲ್ಲ ಸೇರಿ ಒಂದೂಕಾಲು ಲಕ್ಷದ ಹತ್ತಿರ. ಸೀಟು ಸಿಗದೆ ಉಳಿದ ಬಹುದೊಡ್ಡ ಗುಂಪಿನಲ್ಲಿ ಕೋಚಿಂಗ್‌ಗೆ ದುಡ್ಡು ಕಟ್ಟಿದವರು ಕಡಿಮೆಯೇನಿಲ್ಲ. ಅಂಕದ ಜಾಹೀರಾತೂ ಹಾಗೆಯೇ ದಾರಿ ತಪ್ಪಿಸುತ್ತದೆ. 2024ರ ಮೊದಲ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು; 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕ 686. ಆದ್ದರಿಂದ ವರ್ಷ ಹೇಳದೆ ‘600 ದಾಟಿದವರು ಇಷ್ಟು’ ಎಂದರೆ ಏನೂ ಹೇಳಿದಂತಾಗುವುದಿಲ್ಲ, ಕೇಳಬೇಕಾದ್ದು ರ್‍ಯಾಂಕ್. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಗೆದ್ದ ವಿದ್ಯಾರ್ಥಿ ಯಾವ ಕೋರ್ಸ್‌ನಲ್ಲಿದ್ದ, ಎಷ್ಟು ಕಾಲ ಇದ್ದ, ಅದು ಹಣ ಕಟ್ಟಿದ ಕೋರ್ಸೇ ಎಂಬುದನ್ನು ಜಾಹೀರಾತಿನಲ್ಲೇ ತಿಳಿಸಬೇಕು. ಕೊನೇ ತಿಂಗಳ ಟೆಸ್ಟ್ ಸೀರೀಸ್‌ಗಷ್ಟೇ ಸೇರಿದವನ ಫೋಟೊ ತೋರಿಸಿ ಎರಡು ವರ್ಷದ ಕೋರ್ಸ್ ಮಾರುವುದನ್ನು ತಡೆಯುವ ನಿಯಮ ಇದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ನಮ್ಮೂರ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರೇ ಇಲ್ಲದಿದ್ದರೆ? ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗ ಪಿಯುಸಿಯಲ್ಲಿ ಏಕಾಏಕಿ ಇಂಗ್ಲಿಷ್ ಪುಸ್ತಕ ಹಿಡಿದು ತಾನೇ ಓದಿಕೊಳ್ಳಲು ಸಾಧ್ಯವೇ? ಮನೆಯಲ್ಲಿ ಓದುವ ವಾತಾವರಣವೇ ಇಲ್ಲದಿದ್ದರೆ? ಈ ಮಾತಿಗೆ ನಾನು ತಲೆಬಾಗುತ್ತೇನೆ. ಮೇಷ್ಟ್ರಿಲ್ಲದ ಕಾಲೇಜಿನಲ್ಲಿ ಮಗುವನ್ನು ಬಿಟ್ಟು ಪುಸ್ತಕ ಓದಿಕೋ ಅನ್ನುವುದು ಅನ್ಯಾಯ. ಆದರೆ ಇದಕ್ಕೂ ಉತ್ತರ ಮೊದಲು ಹುಡುಕಬೇಕಾದ್ದು ಹತ್ತಿರದಲ್ಲಿ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂರೂ ಹೊಸಪೇಟೆ–ಹರಿಹರ ರೈಲು ಮಾರ್ಗದ ಮೇಲಿವೆ. ತಾಲ್ಲೂಕಿನಿಂದ ತಾಲ್ಲೂಕಿಗೆ ಬಸ್ಸುಗಳಿವೆ. ಒಳ್ಳೆಯ ಉಪನ್ಯಾಸಕರಿರುವ ಕಾಲೇಜು ಪಕ್ಕದ ತಾಲ್ಲೂಕಿನಲ್ಲಿದ್ದರೆ ಬಸ್ ಪಾಸಿನಲ್ಲಿ ಮುಗಿಯುವ ಖರ್ಚಿಗೆ ಹಾಸ್ಟೆಲ್ ಶುಲ್ಕ ಕೊಡಬೇಕಿಲ್ಲ. ಇಂಗ್ಲಿಷಿನ ತೊಡಕು ಮೊದಲ ಐದಾರು ತಿಂಗಳದ್ದು. ಕೋಚಿಂಗ್‌ನ ವೇಗದ ತರಗತಿಯಲ್ಲಿ ಆ ತೊಡಕು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಆ ಐದಾರು ತಿಂಗಳು ಕನ್ನಡದಲ್ಲಿ ವಿವರಿಸಬಲ್ಲ ಸ್ಥಳೀಯ ಮೇಷ್ಟ್ರೇ ದೊಡ್ಡ ಆಸರೆ. ನೀಟ್ ಅನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು. ಕನ್ನಡ ಆರಿಸಿದವರಿಗೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ, ಆದ್ದರಿಂದ ಇಂಗ್ಲಿಷ್ ಪದಗಳನ್ನು ಕಲಿಯಲೇಬೇಕು. ಪಾಠ ಕೇಳಲು ಐಐಟಿ ಕಾನ್ಪುರ ನಡೆಸುವ ‘ಸಾಥಿ’ ಎಂಬ ಉಚಿತ ವೇದಿಕೆ 2023ರಿಂದ ಇದೆ. ಇಷ್ಟೆಲ್ಲ ನೋಡಿಯೂ ದಾರಿ ಕಾಣದಿದ್ದರೆ ಹೊರಗೆ ಕಳಿಸಿ. ಆಗ ಏತಕ್ಕಾಗಿ ಕಳಿಸುತ್ತಿದ್ದೇವೆ ಎಂಬುದಾದರೂ ಗೊತ್ತಿರುತ್ತದೆ.

ಎಂಟನೇ ತರಗತಿಯಿಂದಲೇ ‘ಫೌಂಡೇಷನ್’ ಕೋರ್ಸ್‌ಗೆ ಪಟ್ಟಣಕ್ಕೆ ಕಳಿಸುವ ಹೊಸ ಚಾಳಿಯನ್ನು ಮಾತ್ರ ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ 16 ವರ್ಷದೊಳಗಿನವರನ್ನು ಕೋಚಿಂಗ್‌ಗೆ ಸೇರಿಸಿಕೊಳ್ಳಬಾರದು ಎನ್ನುತ್ತದೆ. ಅದಕ್ಕಿಂತ ನೇರವಾದ ನಷ್ಟ ಸೀಟಿನದು. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ, ಹಾಗೆಯೇ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ಸೀಟು ಹಂಚಿಕೆಯಲ್ಲಿ ಬೇರೆ ಮೀಸಲಾತಿ ಇದೆ. ಎಂಟನೇ ತರಗತಿಗೆ ಹಳ್ಳಿ ಬಿಟ್ಟು ನಗರದ ಇಂಗ್ಲಿಷ್ ಶಾಲೆ ಸೇರಿಸಿದರೆ, ದುಡ್ಡು ಕೊಟ್ಟು ಆ ಎರಡೂ ಹಕ್ಕನ್ನು ಕಳೆದುಕೊಂಡಂತೆ. ಇದರ ಜೊತೆಗೆ ನಮ್ಮ ಐದೂ ತಾಲ್ಲೂಕುಗಳಿಗೆ ಸಂವಿಧಾನದ 371ಜೆ ವಿಧಿ ಅನ್ವಯಿಸುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ ಈ ಸೌಲಭ್ಯ ಪಡೆಯಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಸೇರಿದಂತೆ ಕಲ್ಯಾಣ ಕರ್ನಾಟಕದ ಕಾಲೇಜುಗಳ ರಾಜ್ಯ ಕೋಟಾದ ಸೀಟುಗಳಲ್ಲಿ ಶೇ 70, ಹೊರಗಿನ ಕಾಲೇಜುಗಳಲ್ಲಿ ಶೇ 8 ಸ್ಥಳೀಯರಿಗೆ ಮೀಸಲು. ಕೌನ್ಸೆಲರ್ ಇಡೀ ರಾಜ್ಯದ ಕಟ್‌ಆಫ್ ತೋರಿಸಿ ಹೆದರಿಸಿದಾಗ, ಪರೀಕ್ಷಾ ಪ್ರಾಧಿಕಾರದ ಪಟ್ಟಿಯಲ್ಲಿ ನಮ್ಮ ಭಾಗಕ್ಕೆ ಬೇರೆಯಾಗಿ ಕೊಟ್ಟಿರುವ ಕೊನೇ ರ್‍ಯಾಂಕ್ ನೋಡಿ. ಮುಟ್ಟಬೇಕಾದ ಗುರಿ ಅದು. ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯುವ 371ಜೆ ಪ್ರಮಾಣಪತ್ರವನ್ನು ಪಿಯುಸಿ ಓದುವಾಗಲೇ ಮಾಡಿಸಿಡುವುದು ಎಷ್ಟೋ ಸಾವಿರದ ಮಾಡ್ಯೂಲ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲ ಸಲ ಸೀಟು ಸಿಗದವರ ಮುಂದೆ ‘ಲಾಂಗ್ ಟರ್ಮ್’ ಕೋರ್ಸಿನ ಪ್ರಶ್ನೆ ಬರುತ್ತದೆ. ಅದಕ್ಕೂ ಇದೇ ಅಳತೆ. ಬಂದ ರ್‍ಯಾಂಕಿಗೂ ನಮ್ಮ ಕೋಟಾದ ಕೊನೇ ರ್‍ಯಾಂಕಿಗೂ ಅಂತರ ಕಡಿಮೆಯಿದ್ದು, ಅಂಕ ಎಲ್ಲಿ ಹೋಯಿತು ಎಂದು ನೋಟ್‌ಬುಕ್ ಹೇಳುತ್ತಿದ್ದರೆ ಒಂದು ವರ್ಷ ಕೊಡಬಹುದು. ಅಂತರ ದೊಡ್ಡದಿದ್ದು, ಕಾರಣವೂ ಗೊತ್ತಿಲ್ಲದಿದ್ದರೆ ಇನ್ನೊಂದು ವರ್ಷದ ಶುಲ್ಕದಿಂದ ಅದು ಗೊತ್ತಾಗುವುದಿಲ್ಲ. ಈ ಕಾರಣಕ್ಕೇ ದ್ವಿತೀಯ ಪಿಯುಸಿಯಲ್ಲಿ ಸಿಇಟಿಯನ್ನೂ ಮನಸ್ಸಿಟ್ಟು ಬರೆಯಬೇಕು. ಅವೇ ಪುಸ್ತಕಗಳ ಓದಿನಿಂದ ಪಶುವೈದ್ಯಕೀಯ, ಬಿ.ಎಸ್ಸಿ. ಕೃಷಿ, ನರ್ಸಿಂಗ್ ದಾರಿಗಳು ತೆರೆಯುತ್ತವೆ, ಕೃಷಿ ಕೋರ್ಸಿನಲ್ಲಿ ರೈತರ ಮಕ್ಕಳಿಗೆ ಮೀಸಲು ಸೀಟುಗಳೂ ಇವೆ.

ಕೊನೆಗೂ ಕೋಚಿಂಗ್ ಬೇಕೆಂದಾದರೆ, ಶುಲ್ಕದ ಮಾತು ಕಾಗದದ ಮೇಲೆ ಬರಲಿ. ‘ಸ್ಕಾಲರ್‌ಷಿಪ್ ಟೆಸ್ಟ್‌ನಲ್ಲಿ ಅರ್ಧ ರಿಯಾಯಿತಿ’ ಎಂದಾಗ ಯಾವುದರ ಅರ್ಧ ಎಂದು ಕೇಳಿ. ಕೋಚಿಂಗ್ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಇದೆ. ಹಾಸ್ಟೆಲ್, ಮೆಸ್, ಪುಸ್ತಕ, ಟೆಸ್ಟ್ ಎಲ್ಲ ಸೇರಿಸಿ ಕೊನೇ ಮೊತ್ತ ಬರೆದು ಕೊಡಲಿ. ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು, ಹಾಸ್ಟೆಲ್ ಮತ್ತು ಮೆಸ್ ಹಣವೂ ಸೇರಿ, ಹತ್ತು ದಿನದೊಳಗೆ ಮರಳಿಸಬೇಕೆಂದು ಶಿಕ್ಷಣ ಸಚಿವಾಲಯದ ಅದೇ 2024ರ ಮಾರ್ಗಸೂಚಿ ಹೇಳುತ್ತದೆ. ಅದು ಮಾರ್ಗಸೂಚಿಯಷ್ಟೇ ಆದ್ದರಿಂದ ಆ ಷರತ್ತನ್ನು ರಸೀದಿಯ ಜೊತೆಗೇ ಬರೆಸಿಕೊಳ್ಳಿ. ಬರೆದು ಕೊಡಲು ಒಪ್ಪದ ಕಡೆ ಮುಂಗಡ ಕಟ್ಟಬೇಡಿ. ಒಪ್ಪುವ ಕಡೆಯೂ ಮೂರು ತಿಂಗಳಿಗೊಮ್ಮೆ ಕಂತಿನಲ್ಲಿ ಕಟ್ಟಿ, ಪ್ರತಿ ಕಂತಿಗೆ ಮೊದಲು ನೋಟ್‌ಬುಕ್ ತೆಗೆದು ಕಳೆದ ಮೂರು ತಿಂಗಳಲ್ಲಿ ಯಾವ ತಪ್ಪು ಕಡಿಮೆಯಾಗಿದೆ ಎಂದು ಮಗುವನ್ನೇ ಕೇಳಿ.