ಹಾಲು ಕರೆಯುವವರು ಯಾರು?

ಮಕ್ಕಳೇ, ನೀವು ಬೆಳಿಗ್ಗೆ ಕುಡಿಯುವ ಹಾಲು ಅಂಗಡಿಯ ಫ್ರಿಜ್‌ಗೆ ಬರುವ ಮೊದಲು ಒಂದು ಕೊಟ್ಟಿಗೆಯಲ್ಲಿತ್ತು. ಹಸು, ಎಮ್ಮೆ ಸಾಕಿ ಹಾಲು ಮಾರುವ ಕೆಲಸಕ್ಕೆ ‘ಹೈನುಗಾರಿಕೆ’ ಅಂತಾರೆ.

ಈ ಕೆಲಸಕ್ಕೆ ರಜೆ ಇಲ್ಲ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಹಾಲು ಕರೆಯಬೇಕು. ಬಿಟ್ಟರೆ ಕೆಚ್ಚಲು ಬಿಗಿದು ಹಸುವಿಗೆ ನೋವಾಗುತ್ತೆ, ಕೆಚ್ಚಲು ಬಾವು ಬರಬಹುದು. ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಆನ್-ಕಾಲ್ ಪಾಳಿ ಆಗೊಮ್ಮೆ ಈಗೊಮ್ಮೆ. ಹೈನುಗಾರರಿಗೆ ವರ್ಷದ 365 ದಿನವೂ!

ಮೇವಿನ ಬೆಲೆ ಏರಿದರೂ ಹಾಲಿನ ಬೆಲೆ ನಿಗದಿ ಮಾಡೋದು ರೈತರ ಕೈಲಿಲ್ಲ. ಹೊಸದಾಗಿ ಶುರು ಮಾಡೋರಿಗೆ ಜಮೀನು, ಯಂತ್ರಗಳಿಗೆ ದೊಡ್ಡ ಸಾಲ ಬೇಕು. ಹಾಗಾಗಿ ಕೃಷಿಗೆ ಬರುವ ಯುವಕರು ಕಡಿಮೆ. 2022ರ ಗಣತಿಯ ಪ್ರಕಾರ ನಾವಿರುವ ಅಮೆರಿಕದಲ್ಲಿ ರೈತರ ಸರಾಸರಿ ವಯಸ್ಸು 58.1.

ದಾರಿಗಳೂ ಇವೆ. ಈಗ ಹಾಲು ಕರೆಯುವ ರೋಬೋಟ್‌ಗಳಿವೆ. ಹಸು ತಾನೇ ಬಂದು ನಿಲ್ಲುತ್ತೆ. ಯಂತ್ರ ಅದರ ಗುರುತು ಓದಿ ಹಾಲು ಕರೆಯುತ್ತೆ. ಆದರೆ ಅದು ದುಬಾರಿ. ‘ಫೋರ್-ಎಚ್’ ಕ್ಲಬ್‌ಗಳಲ್ಲಿ ನಿಮ್ಮ ವಯಸ್ಸಿನವರೇ ಕರು ಸಾಕಿ ಕೌಂಟಿ ಫೇರ್‌ಗೆ ತರುತ್ತಾರೆ.

ಪೋಷಕರೇ, ‘ಓದದಿದ್ದರೆ ದನ ಕಾಯಬೇಕಾಗುತ್ತೆ’ ಅನ್ನೋ ಬೈಗುಳ ಕೇಳಿಯೇ ನಾವೆಲ್ಲ ಬೆಳೆದದ್ದು. ಆದರೆ ದನ ಸಾಕೋರಿಗೆ ಮೇವಿನ ಲೆಕ್ಕ, ರೋಗದ ಲಕ್ಷಣ, ಸಾಲದ ಬಡ್ಡಿ ಎಲ್ಲ ಗೊತ್ತಿರಬೇಕು. ನಾವೇ ಮರ್ಯಾದೆ ಕೊಡದ ಕೆಲಸಕ್ಕೆ ಮಕ್ಕಳು ಹೇಗೆ ಬಂದಾರು? ಆ ಬೈಗುಳವನ್ನು ಮುಂದಿನ ಪೀಳಿಗೆಗೆ ದಾಟಿಸೋದು ಬೇಡ.

ಚಟುವಟಿಕೆ:
1. ಕೊಟ್ಟಿಗೆ, ಮೇವು, ಕೆಚ್ಚಲು, ಕರು – ಈ ಪದಗಳನ್ನು ಬಳಸಿ ವಾಕ್ಯ ಬರೆಯಿರಿ.
2. ಅಜ್ಜಿ-ತಾತನಿಗೆ ಫೋನ್ ಮಾಡಿ, ಅವರ ಮನೆಯಲ್ಲಿ ಹಸು ಇತ್ತಾ, ಅದರ ಹೆಸರೇನು, ಯಾರು ಹಾಲು ಕರೀತಿದ್ದರು ಅಂತ ಕೇಳಿ.